ಎರಡನೇ ಪ್ಲೇಟು

ತಮ್ಮಾ, ನಿನ್ನೆ ಸಂಜೆ ಮಸ್ಕಿ ಬಸ್‌ಸ್ಟ್ಯಾಂಡಿನ ಹತ್ತಿರ ನಿನ್ನನ್ನು ನೋಡಿದೆ. ಎಡಗೈಯಲ್ಲಿ ಮೊಬೈಲು, ಬಲಗೈಯಲ್ಲಿ ಮಿರ್ಚಿ, ಮುಂದೆ ಮಂಡಾಳ ಒಗ್ಗರಣೆ. ಮೊದಲ ಪ್ಲೇಟು ಮುಗಿದದ್ದು ನಿನಗೆ ತಿಳಿದದ್ದೇ ಬೆರಳು ಬರೀ ಪೇಪರಿಗೆ ತಾಗಿದಾಗ. ಕಣ್ಣೆತ್ತದೆ ಇನ್ನೊಂದು ಹೇಳಿದೆ.

ಬಯ್ಯುತ್ತಿಲ್ಲ. ನಾನೂ ಅದೇ ಪೈಕಿ. ಮಕ್ಕಳು ತಾಟಿನಲ್ಲಿ ಬಿಟ್ಟದ್ದನ್ನೆಲ್ಲ ಬಳಿದು ಉಂಡು ಐವತ್ತಕ್ಕೇ ಶುಗರ್ ತಂದುಕೊಂಡವನು. ಅನ್ನ ಚೆಲ್ಲಬಾರದೆಂಬುದು ಬರಗಾಲ ಕಂಡವರ ಮಾತು, ಒಳ್ಳೆಯ ಮಾತೇ. ನಾನು ಮಾತ್ರ ತಿಪ್ಪೆಗೆ ಹೋಗಬಾರದೆಂದು ಹೊಟ್ಟೆಯನ್ನೇ ತಿಪ್ಪೆ ಮಾಡಿಕೊಂಡೆ.

ಮೊದಲು ನಮ್ಮ ಊಟವೆಂದರೆ ಬಿಳಿಜೋಳದ ರೊಟ್ಟಿ. ಅದು ಅವಸರಕ್ಕೆ ಬಗ್ಗುವುದಲ್ಲ. ಮುರಿಯಬೇಕು, ಪುಂಡಿಪಲ್ಯ ಹಚ್ಚಬೇಕು, ದವಡೆ ನೋಯುವಷ್ಟು ಅಗಿಯಬೇಕು. ಹೊಟ್ಟೆ ತುಂಬಿದ ಸುದ್ದಿ ತಲೆಗೆ ಮುಟ್ಟಲು ಸುಮಾರು 20 ನಿಮಿಷ ಹಿಡಿಯುತ್ತದೆ. ಎರಡು ರೊಟ್ಟಿ ಮುಗಿಯುವಷ್ಟರಲ್ಲಿ ಸುದ್ದಿ ಬಂದಿರುತ್ತಿತ್ತು. ತುಂಗಭದ್ರಾ ಎಡದಂಡೆ ಕಾಲುವೆ ಬಂದು ಸಿಂಧನೂರು ಕಡೆಯ ಜೋಳದ ಹೊಲಗಳು ಭತ್ತದ ಗದ್ದೆಯಾದವು. ಅನ್ನ ಕೆಟ್ಟದ್ದಲ್ಲಪ್ಪ, ಆದರೆ ಸಾರು ಕಲಸಿದರೆ ಐದು ನಿಮಿಷಕ್ಕೆ ತಾಟು ಖಾಲಿ. ಸುದ್ದಿ ಇನ್ನೂ ದಾರಿಯಲ್ಲೇ.

ನಿನಗೆ ರಾತ್ರಿ ಒಂದಾದರೂ ನಿದ್ದೆಯಿಲ್ಲ. ನಿದ್ದೆ ಕೆಟ್ಟರೆ ಹಸಿವು ಕೆರಳಿಸುವ ಗ್ರೆಲಿನ್ ಏರುತ್ತದೆ, ಸಾಕೆನ್ನಿಸುವ ಲೆಪ್ಟಿನ್ ತಗ್ಗುತ್ತದೆ. ಮೇಲೆ ಬೆಳಗಿನ ನಾಷ್ಟಾ ಬಿಟ್ಟು ಸಂಜೆ ಬಂಡಿಯ ಮುಂದೆ ನಿಂತರೆ ನಾಲಿಗೆಯನ್ನು ಬೈದು ಏನು ಫಲ? ಇನ್ನು, ಯಾರಿಗೂ ಕಾಣದಂತೆ ಕದ್ದು ತಿಂದು ಆಮೇಲೆ ಕೊರಗುವ ಮಟ್ಟಕ್ಕೆ ಹೋಗಿದ್ದರೆ ನಾಚದೆ ಡಾಕ್ಟರ ಹತ್ತಿರ ಹೋಗು.

ಸೋಮವಾರದಿಂದ ಎಲ್ಲ ಬಿಟ್ಟೆ ಎಂದು ಆಣೆ ಮಾತ್ರ ಹಾಕಬೇಡ. ಅಶೋಕ ಚಕ್ರವರ್ತಿಯೂ ಮೆಲ್ಲಗೇ ಇಳಿಸಿದವನು. ನಮ್ಮೂರ ಬಂಡೆಯ ಮೇಲೆ 1915ರಲ್ಲಿ ಸಿಕ್ಕ ಶಾಸನದಲ್ಲಿ ಅಶೋಕನ ಹೆಸರಿದೆಯೆಂದು ಶಾಲೆಯಲ್ಲಿ ಓದಿದ್ದೀಯಲ್ಲ, ಹೆಸರಿಗಷ್ಟೇ ನಿಂತುಬಿಟ್ಟೆವು ನಾವು. ಧರ್ಮದ ಗುರಿ ಮುಟ್ಟುವುದು ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ಸಾಧ್ಯ ಎಂಬ ಮಾತು ಅದರಲ್ಲಿದೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಪ್ರತಿಯಲ್ಲಂತೂ, ಒಂದು ವರ್ಷ ತಾನು ಹೆಚ್ಚು ಪ್ರಯತ್ನಪಡಲಿಲ್ಲವೆಂದು ಚಕ್ರವರ್ತಿಯೇ ಒಪ್ಪಿಕೊಂಡಿದ್ದಾನೆ! ಗಿರನಾರದ ಶಾಸನದಲ್ಲಿ ಅವನ ಅಡುಗೆಮನೆಯ ಲೆಕ್ಕವೇ ಇದೆ. ಮೊದಲು ದಿನಕ್ಕೆ ಲಕ್ಷಾಂತರ ಪ್ರಾಣಿಗಳು, ಈಗ ಎರಡು ನವಿಲು, ಒಂದು ಜಿಂಕೆ. ಜಿಂಕೆಯೂ ದಿನಾ ಅಲ್ಲ. ಮುಂದೆ ಇವೂ ಇಲ್ಲ. ಅವನದು ಪ್ರಾಣಿದಯೆ, ನಮ್ಮದು ಹೊಟ್ಟೆಯ ಚಿಂತೆ. ಆದರೂ ಇಳಿಸಿದ ಬಗೆ ನೋಡು. ರಾಜನಿಗೂ ಮೂರು ಉಳಿದಿದ್ದವು.

ನಾಳೆ ಸಂಜೆ ನಾನೂ ಬರುತ್ತೇನೆ. ಒಂದೇ ಪ್ಲೇಟು ಹೇಳೋಣ. ಮಿರ್ಚಿ ನಿನಗೆ, ನನಗೆ ಎರಡು ತುತ್ತು ಮಂಡಾಳ ಸಾಕು. ನಿನ್ನ ಮೊಬೈಲು ನನ್ನ ಜುಬ್ಬಾದ ಜೇಬಿನಲ್ಲಿರಲಿ. ಮಲ್ಲಯ್ಯನ ಗುಡ್ಡದ ತನಕ ಅಡ್ಡಾಡಿ ಬಂದ ಮೇಲೂ ಹಸಿವಿದ್ದರೆ, ಎರಡನೇ ಪ್ಲೇಟಿನ ರೊಕ್ಕ ನಂದು.