ಅಂಕೋಲೆಯ ಇಶಾಡ ಹಣ್ಣು



ನಮ್ಮ ಕಲಿಕಾ ಕೇಂದ್ರದ ಹನ್ನೊಂದು ಮಂದಿ ಹೆಣ್ಣುಮಕ್ಕಳು ಹೋದ ಬೇಸಿಗೆಯಲ್ಲಿ ಗೋಕರ್ಣಕ್ಕೆ ಹೊರಟೆವು. ನಮ್ಮದು ಗದಗ ಜಿಲ್ಲೆಯ ಬಯಲು ಸೀಮೆ. ನಮ್ಮಲ್ಲಿ ಬಹಳ ಜನ ಸಮುದ್ರವನ್ನೇ ನೋಡಿರಲಿಲ್ಲ. ದಾರಿಯಲ್ಲಿ ಅಂಕೋಲೆಯಲ್ಲಿ ಇಳಿದು ಹಣ್ಣು ಕೊಂಡೆವು. ಅಲ್ಲಿ ನಡೆದ ಒಂದು ಸಂಗತಿಯನ್ನು ಈ ಪಾಠದಲ್ಲಿ ಓದೋಣ.

ಬಸ್ಸಿನ ಬೋರ್ಡು

ಬೆಳಗಿನ ಜಾವ ಐದಕ್ಕೆ ಮನೆ ಬಿಟ್ಟೆವು. ಹುಬ್ಬಳ್ಳಿ ಬಸ್ ನಿಲ್ದಾಣದಲ್ಲಿ ಎಲ್ಲಿ ನೋಡಿದರೂ ಬಸ್ಸು. ಯಾವುದು ನಮ್ಮದು?

ನಮ್ಮ ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯಾಕಿ ಒಬ್ಬರಿದ್ದಾರೆ. ಅವರನ್ನು ನಾವೆಲ್ಲ ದೊಡ್ಡವ್ವ ಅಂತ ಕರೆಯುತ್ತೇವೆ. ವಯಸ್ಸು ಅರವತ್ತು ದಾಟಿದೆ. ಅಕ್ಷರ ಕಲಿತು ಒಂದು ವರ್ಷವಾಗಿದೆ.

ದೊಡ್ಡವ್ವ ಕಣ್ಣು ಕಿರಿದು ಮಾಡಿ ಒಂದೊಂದೇ ಬೋರ್ಡು ಓದಿದರು. "ಶಿರಸಿ... ಇದಲ್ಲ. ಕಾರವಾರ... ಇದರ ಕೆಳಗೆ ಯಲ್ಲಾಪುರ, ಅಂಕೋಲಾ ಅಂತ ಬರದಾರ. ಅಕ್ಕೋರ, ಇದ ನಮ್ಮ ಬಸ್!"

ಮೊದಲಾಗಿದ್ದರೆ ಹತ್ತು ಜನರನ್ನು ಕೇಳಬೇಕಿತ್ತು. ಈಗ ತಾವೇ ಓದಿದರು. ಎಲ್ಲರೂ ಅವರ ಹಿಂದೆ ಹತ್ತಿದೆವು.

ಕರ್ನಾಟಕದಲ್ಲಿ 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತು. ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಒಳಗೆ ಟಿಕೆಟಿಗೆ ದುಡ್ಡಿಲ್ಲ. ಆದರೆ ಗುರುತಿನ ಚೀಟಿ ತೋರಿಸಬೇಕು. ಶೂನ್ಯ ಟಿಕೆಟನ್ನು ಕೇಳಿ ಪಡೆಯಬೇಕು. ಇಳಿಯುವ ತನಕ ಜೋಪಾನವಾಗಿ ಇಟ್ಟುಕೊಳ್ಳಬೇಕು.

ಹುಬ್ಬಳ್ಳಿಯಿಂದ ಅಂಕೋಲೆಗೆ ಸುಮಾರು 140 ಕಿಲೋಮೀಟರು. ಯಲ್ಲಾಪುರ ದಾಟಿದ ಮೇಲೆ ಅರಬೈಲು ಘಟ್ಟ. ಎರಡೂ ಕಡೆ ದಟ್ಟ ಕಾಡು. ಧಾರವಾಡದ ಹತ್ತಿರ ಹುಟ್ಟುವ ಶಾಲ್ಮಲೆಯ ನೀರು ಬೇಡ್ತಿ ಹೊಳೆಗೆ ಸೇರುತ್ತದೆ. ಬೇಡ್ತಿ ಮುಂದೆ ಗಂಗಾವಳಿ ಎಂಬ ಹೆಸರಿನಿಂದ ಸಮುದ್ರ ಸೇರುತ್ತದೆ. "ಹಂಗಾದ್ರ ನಮ್ಮ ಕಡೆ ನೀರು ನಮಗಿಂತ ಮೊದಲ ಸಮುದ್ರ ನೋಡೇತಿ" ಅಂತ ದೊಡ್ಡವ್ವ ನಕ್ಕರು.

ರಸ್ತೆ ಬದಿಯ ಬುಟ್ಟಿಗಳು

ಅಂಕೋಲೆಯಲ್ಲಿ ಇಳಿದಾಗ ಹೊತ್ತು ಏರಿತ್ತು. ಮೈಯೆಲ್ಲ ಬೆವರು. ರಸ್ತೆ ಬದಿಯಲ್ಲಿ ಸಾಲಾಗಿ ಹಾಲಕ್ಕಿ ಒಕ್ಕಲಿಗ ಹೆಂಗಸರು ಕೂತಿದ್ದರು. ಕೊರಳ ತುಂಬ ಕರಿಮಣಿ ಸರ. ಮುಂದೆ ಬುಟ್ಟಿ ತುಂಬ ಮಾವಿನ ಹಣ್ಣು. ಅದರ ವಾಸನೆ ದೂರಕ್ಕೇ ಬರುತ್ತಿತ್ತು.

ಈ ಮಾವಿನ ಹೆಸರು ಇಶಾಡ. ಇದರಲ್ಲಿ ಎರಡು ಬಗೆ. ಒಂದು ಕರಿ ಇಶಾಡ, ಇನ್ನೊಂದು ಬಿಳಿ ಇಶಾಡ. ಕರಿ ಇಶಾಡದ ಸಿಪ್ಪೆ ತೆಳು, ತಿರುಳು ಹೆಚ್ಚು, ಸಿಹಿಯೂ ಹೆಚ್ಚು. ಬಿಳಿ ಇಶಾಡದ ಸಿಪ್ಪೆ ದಪ್ಪ, ತಿರುಳು ಕಡಿಮೆ. ಅಂಕೋಲೆಯ ಕರಿ ಇಶಾಡಕ್ಕೆ 2023ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಅಂದರೆ, ಬೇರೆ ಕಡೆಯ ಯಾವುದೋ ಹಣ್ಣನ್ನು ಈ ಹೆಸರು ಹೇಳಿ ಮಾರುವಂತಿಲ್ಲ. ನಂಜನಗೂಡಿನ ರಸಬಾಳೆ, ದೇವನಹಳ್ಳಿಯ ಚಕ್ಕೋತ, ಕೊಡಗಿನ ಕಿತ್ತಳೆ, ಕಲಬುರಗಿ ಕಡೆಯ ಕಮಲಾಪುರದ ಕೆಂಬಾಳೆ, ಇವಕ್ಕೂ ಇಂಥ ಗುರುತು ಇದೆ.

ಒಬ್ಬ ಅಜ್ಜಿಯ ಬುಟ್ಟಿಯ ಮುಂದೆ ನಾವು ಕುಕ್ಕರುಗಾಲಲ್ಲಿ ಕೂತೆವು.

"ಡಜನ್ ಎಷ್ಟಕ್ಕ ಕೊಡ್ತಿ ಯವ್ವಾ?" ಅಂತ ದೊಡ್ಡವ್ವ ಕೇಳಿದರು.

"ಕರಿ ಇಶಾಡ ಇನ್ನೂರ ನಲವತ್ತು. ಬಿಳಿ ಇಶಾಡ ನೂರ ಎಂಬತ್ತು."

"ಭಾಳ ಆತು. ಕರೀದು ಇನ್ನೂರಕ್ಕ ಕೊಡು."

ಅಜ್ಜಿ ಸಿಟ್ಟಾಗಲಿಲ್ಲ. "ನೋಡು ತಂಗಿ, ಮರ ಹತ್ತಿ ಕೊಯ್ಯುವವನಿಗೆ ಕೂಲಿ ಕೊಡಬೇಕು. ಬುಟ್ಟಿ ಹೊತ್ತು ಪೇಟೆಗೆ ಬರಬೇಕು. ಈ ಹಣ್ಣು ಬಹಳ ದಿನ ತಡೆಯೂದಿಲ್ಲ. ಉಳಿದದ್ದು ಮೆತ್ತಗಾದರೆ ನನಗೇ ನಷ್ಟ. ಮಳೆ ಹಿಡಿದರೆ ಹಂಗಾಮೇ ಮುಗೀತು" ಅಂದರು.

ದೊಡ್ಡವ್ವ ಸುಮ್ಮನಾದರು. ಅವರೂ ಹೊಲದವರು. ಬೆಳೆದ ಮಾಲು ಸಂತೆಯಲ್ಲಿ ಉಳಿದರೆ ಏನಾಗುತ್ತದೆ ಅಂತ ಅವರಿಗೆ ಗೊತ್ತು.

"ಆತು ಬಿಡು. ಒಂದೂವರೆ ಡಜನ್ ಕೊಡು."

ಅಜ್ಜಿ ಹದಿನೆಂಟು ಹಣ್ಣು ಎಣಿಸಿ ಹಾಕಿದರು. ಮೇಲೆ ಇನ್ನೊಂದು ಹಣ್ಣು ಇಟ್ಟು, "ಇದು ಕೊಸರು" ಅಂದರು. ದೊಡ್ಡವ್ವ 500 ರೂಪಾಯಿ ನೋಟು ಕೊಟ್ಟರು. ಅಜ್ಜಿ ಸೊಂಟದ ಚೀಲದಿಂದ ಚಿಲ್ಲರೆ ತೆಗೆದು ಕೊಟ್ಟರು. ಅಷ್ಟರಲ್ಲಿ ಗೋಕರ್ಣದ ಬಸ್ಸು ಬಂತು ಅಂತ ಯಾರೋ ಕೂಗಿದರು. ಎಲ್ಲರೂ ಓಡಿದೆವು.

ನೂರು ರೂಪಾಯಿ

ಬಸ್ಸಿನ ಬಾಗಿಲಲ್ಲಿ ದೊಡ್ಡವ್ವ ನಿಂತುಬಿಟ್ಟರು. ಕೈಯಲ್ಲಿದ್ದ ನೋಟು ಎಣಿಸಿದರು. ನೂರರ ಎರಡು ಹೊಸ ನೋಟು ಒಂದಕ್ಕೊಂದು ಅಂಟಿಕೊಂಡಿದ್ದವು. ಇಪ್ಪತ್ತರ ನೋಟು ಎರಡು. ಒಟ್ಟು 240.

ಅವರು ಅಂಗೈ ಮೇಲೆ ಬೆರಳಿನಿಂದ ಬರೆದು ಲೆಕ್ಕ ಮಾಡಿದರು.

ಒಂದು ಡಜನ್‌ಗೆ 240 ರೂಪಾಯಿ.
ಅರ್ಧ ಡಜನ್‌ಗೆ 120 ರೂಪಾಯಿ.
ಒಟ್ಟು 360 ರೂಪಾಯಿ.
500 ರಲ್ಲಿ 360 ಕಳೆದರೆ 140 ರೂಪಾಯಿ.

"ಅಕ್ಕೋರ, ನೂರು ರೂಪಾಯಿ ಹೆಚ್ಚಿಗಿ ಬಂದೇತಿ."

ಒಳಗಿಂದ ಒಬ್ಬ ತಂಗಿ ಕೂಗಿದಳು. "ಹೋಗ್ಲಿ ಬಿಡ ದೊಡ್ಡವ್ವ. ಆಕಿಗೆ ಗೊತ್ತಾಗಿಲ್ಲ. ಬಸ್ ಹೊಂಟೈತಿ, ಹತ್ತು."

ದೊಡ್ಡವ್ವ ಹತ್ತಲಿಲ್ಲ. "ಗೊತ್ತಾಗಿಲ್ಲ ಅಂತನ ಹೊಳ್ಳಿ ಕೊಡಬೇಕು" ಅಂದರು. ಚೀಲ ಹಿಡಿದು ಬಂದ ದಾರಿಯಲ್ಲೇ ನಡೆದರು. ಅವರನ್ನು ಬಿಟ್ಟು ಹೋಗುವುದು ಹೇಗೆ? ನಾವೂ ಇಳಿದೆವು. ಬಸ್ಸು ಹೋಯಿತು.

ನಡೆಯುತ್ತಾ ದೊಡ್ಡವ್ವ ನನಗೆ ಒಂದು ಹಳೆಯ ಮಾತು ಹೇಳಿದರು. ಬಹಳ ವರ್ಷದ ಹಿಂದೆ ಅವರು ಮೆಣಸಿನಕಾಯಿ ಚೀಲ ಮಾರಲು ಹೋಗಿದ್ದರಂತೆ. ವ್ಯಾಪಾರಿ ಒಂದು ಚೀಟಿ ಬರೆದು ಕೊಟ್ಟನಂತೆ. ಎಷ್ಟು ತೂಕ, ಎಷ್ಟು ದರ ಅಂತ ಇವರಿಗೆ ಓದಲು ಬರುತ್ತಿರಲಿಲ್ಲ. ಹೆಬ್ಬೆಟ್ಟು ಒತ್ತಿ ಕೊಟ್ಟಷ್ಟು ತಂದರಂತೆ. ಮನೆಗೆ ಬಂದ ಮೇಲೆ ಚೀಟಿ ಓದಿದ ಹುಡುಗ, ಒಂದು ಚೀಲದ ದುಡ್ಡೇ ಬಂದಿಲ್ಲ ಅಂದನಂತೆ.

"ಆವತ್ತು ರಾತ್ರಿ ನಾ ಉಣ್ಣಲಿಲ್ಲ ಅಕ್ಕೋರ. ದುಡ್ಡು ಹೋದದ್ದಕ್ಕಲ್ಲ. ನನಗ ತಿಳಿಯಾಂಗಿಲ್ಲ ಅಂತ ಅವಗ ಗೊತ್ತಿತ್ತಲ್ಲ, ಅದಕ್ಕ. ಈಗ ನಾ ಲೆಕ್ಕ ಕಲ್ತು ಅಂವನಂಗ ಆಗ್ಲೇನು?"

ನಾನು ಶಾಲೆಯಲ್ಲಿ ಎಷ್ಟೋ ವರ್ಷದಿಂದ ಕಳೆಯುವ ಲೆಕ್ಕ ಹೇಳಿಕೊಡುತ್ತಿದ್ದೇನೆ. ಅಂದು ನನಗೆ ಉತ್ತರ ಹೊಳೆಯಲಿಲ್ಲ.

ದೊಡ್ಡವ್ವ ನೂರರ ನೋಟನ್ನು ಅಜ್ಜಿಯ ಮುಂದೆ ಹಿಡಿದರು. ಅಜ್ಜಿ ಮೊದಲು ಗಾಬರಿಯಾದರು. ಹಣ್ಣು ಸರಿಯಿಲ್ಲ ಅಂತ ವಾಪಸ್ಸು ತಂದರೇನೋ ಅಂದುಕೊಂಡಿದ್ದರು. ವಿಷಯ ತಿಳಿದ ಮೇಲೆ ನೋಟನ್ನು ಕಣ್ಣಿಗೆ ಒತ್ತಿಕೊಂಡರು. "ನನ್ನ ಇವತ್ತಿನ ಲಾಭವೇ ಇದು ತಂಗಿ" ಅಂದರು.

ಹಣ್ಣು ಓದುವ ಕಲೆ

ಮುಂದಿನ ಬಸ್ಸಿಗೆ ಒಂದು ತಾಸು ಇತ್ತು. ಅಜ್ಜಿ ನಮ್ಮನ್ನು ಮರದ ನೆರಳಿಗೆ ಕೂರಿಸಿದರು. ಎರಡು ಹಣ್ಣು ಹಿಡಿದು ಪಾಠ ಹೇಳಿದರು. ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೆ ಹಣ್ಣಿನ ವಿಷಯದಲ್ಲಿ ಅವರೇ ನಮ್ಮ ಅಕ್ಕೋರು.

"ಬಣ್ಣ ನೋಡಿ ಮರುಳಾಗಬೇಡಿ. ತೊಟ್ಟಿನ ಹತ್ತಿರ ಮೂಸಿ ನೋಡಿ. ಮರದಲ್ಲಿ ಬಲಿತ ಹಣ್ಣಿಗೆ ಅಲ್ಲಿ ಘಮ ಇರ್ತದೆ. ಬೆರಳಿನಿಂದ ಚುಚ್ಚಬೇಡಿ, ಹಣ್ಣಿಗೆ ಪೆಟ್ಟು. ಅಂಗೈಯಲ್ಲಿ ಹಿಡಿದು ಮೆಲ್ಲಗೆ ಒತ್ತಿ. ತಿನ್ನೂ ಮೊದಲು ನೀರಲ್ಲಿ ಹಾಕಿಡಿ. ಸೊನೆ ಹತ್ತಿದರೆ ತುಟಿ ಸುಡ್ತದೆ."

ಇವತ್ತು ತಿನ್ನಲು ಬೇರೆ, ಊರಿಗೆ ಒಯ್ಯಲು ಬೇರೆ ಹಣ್ಣು ಆರಿಸಿಕೊಟ್ಟರು. ಊರಿಗೆ ಒಯ್ಯುವುದು ಗಟ್ಟಿ ಇರಬೇಕು. ಮನೆಯಲ್ಲಿ ಹುಲ್ಲಿನಲ್ಲಿ ಅಡೆ ಹಾಕಿದರೆ ತಾನೇ ಹಣ್ಣಾಗುತ್ತದೆ.

ಹಲಸಿನ ಗುಟ್ಟನ್ನೂ ಹೇಳಿದರು. ತೊಳೆ ಗಟ್ಟಿ ಇದ್ದರೆ ಬಕ್ಕೆ. ಮೆತ್ತಗೆ ಜಾರುವಂತೆ ಇದ್ದರೆ ಅಂಬಲಿ. ಕೊಳ್ಳುವ ಮೊದಲು ಯಾವುದು ಅಂತ ಕೇಳಬೇಕು. ಪಕ್ಕದ ಅಂಗಡಿಯಲ್ಲಿ ಕೆಂಪು ಬಣ್ಣದ ಮುರುಗಲು ಪಾನಕ ಇತ್ತು. ನಮ್ಮ ಸೀಮೆಯಲ್ಲಿ ಈ ಹಣ್ಣು ಬೆಳೆಯುವುದಿಲ್ಲ. ಹುಳಿ, ಸಿಹಿ ಸೇರಿದ ಆ ಪಾನಕ ಕುಡಿದಾಗ ಬಿಸಿಲಿನ ದಣಿವು ಹೋಯಿತು.

ಹೊರಡುವ ಮೊದಲು ಅಜ್ಜಿ ಒಂದು ಮಾತು ಕೇಳಿದರು. "ಬಂದವರೆಲ್ಲ ದರ ಕೇಳ್ತಾರೆ. ಹೇಳಿ ಹೇಳಿ ಗಂಟಲು ಒಣಗ್ತದೆ. ಒಂದು ಬೋರ್ಡು ಬರೆದು ಕೊಡ್ತೀರಾ?"

ಎಲ್ಲರೂ ನನ್ನ ಕಡೆ ನೋಡಿದರು. ನಾನು ಪೆನ್ನನ್ನು ದೊಡ್ಡವ್ವನ ಕೈಗೆ ಕೊಟ್ಟೆ. ಅವರು ಒಂದು ರಟ್ಟಿನ ತುಂಡನ್ನು ಮೊಣಕಾಲ ಮೇಲೆ ಇಟ್ಟುಕೊಂಡು ನಿಧಾನವಾಗಿ ಬರೆದರು.

ಕರಿ ಇಶಾಡ
1 ಡಜನು 240 ರೂಪಾಯಿ
ಬಿಳಿ ಇಶಾಡ
1 ಡಜನು 180 ರೂಪಾಯಿ

ಪಾಠದಲ್ಲಿ ನಾವು 'ಡಜನ್' ಅಂತ ಬರೆಯುತ್ತೇವೆ. ದೊಡ್ಡವ್ವ ತಾವು ಆಡುವ ಹಾಗೆ 'ಡಜನು' ಅಂತ ಬರೆದರು. ನಾನು ತಿದ್ದಲಿಲ್ಲ. ಅಷ್ಟರಲ್ಲೇ ದಾರಿಯಲ್ಲಿ ಹೋಗುತ್ತಿದ್ದ ಒಬ್ಬರು ನಿಂತು ಅದನ್ನು ಓದಿದರು. ಬಗ್ಗಿ ಎರಡು ಡಜನ್ ಕೊಂಡರು. ದೊಡ್ಡವ್ವನ ಮುಖ ಆಗ ನೋಡಬೇಕಿತ್ತು!

ಸಂಜೆ ಗೋಕರ್ಣದ ದಂಡೆಯಲ್ಲಿ ಕೂತು ಸಮುದ್ರ ನೋಡುತ್ತಾ ಹಣ್ಣು ತಿಂದೆವು. ಸಿಪ್ಪೆ, ಗೊರಟೆಗಳನ್ನು ಮರಳಿನಲ್ಲಿ ಎಸೆಯದೆ ಚೀಲದಲ್ಲಿ ಕಟ್ಟಿ ಕಸದ ಡಬ್ಬಿಗೆ ಹಾಕಿದೆವು. ಕೊಸರಿನ ಹಣ್ಣನ್ನು ದೊಡ್ಡವ್ವ ತಿನ್ನಲಿಲ್ಲ. ಮೊಮ್ಮಗಳಿಗೆ ಅಂತ ಸೆರಗಿನಲ್ಲಿ ಕಟ್ಟಿಕೊಂಡರು.

ತಿಳಿದುಕೊಳ್ಳಿ: ಅಂಕೋಲೆಯ ಇಬ್ಬರು ತಾಯಂದಿರು

ಹಾಲಕ್ಕಿ ಸಮುದಾಯದ ತುಳಸಿ ಗೌಡ ಅವರು ಅಂಕೋಲೆ ತಾಲೂಕಿನ ಹೊನ್ನಳ್ಳಿಯವರು. ಶಾಲೆಗೆ ಹೋದವರಲ್ಲ. ಅರಣ್ಯ ಇಲಾಖೆಯ ಸಸಿ ತೋಟದಲ್ಲಿ ಕೂಲಿ ಮಾಡುತ್ತಾ ಸಾವಿರಾರು ಗಿಡ ಬೆಳೆಸಿದರು. ಯಾವ ಮರದ ಬೀಜ ಯಾವಾಗ ಆರಿಸಬೇಕು ಅಂತ ಅವರಿಗೆ ತಿಳಿದಿತ್ತು. 2021ರಲ್ಲಿ ದೆಹಲಿಯಲ್ಲಿ ಬರಿಗಾಲಿನಲ್ಲೇ ನಡೆದು ಹೋಗಿ ಪದ್ಮಶ್ರೀ ಪ್ರಶಸ್ತಿ ಪಡೆದರು. 2024ರ ಡಿಸೆಂಬರಿನಲ್ಲಿ ತೀರಿಕೊಂಡರು.

ಅದೇ ಸಮುದಾಯದ ಸುಕ್ರಿ ಬೊಮ್ಮಗೌಡ ಅವರು ಹಾಲಕ್ಕಿ ಹಾಡುಗಳನ್ನು ಬಾಯಲ್ಲೇ ಉಳಿಸಿದರು. ಸಾರಾಯಿ ವಿರುದ್ಧದ ಹೋರಾಟದಲ್ಲೂ ಮುಂದೆ ನಿಂತರು. ಅವರಿಗೆ 2017ರಲ್ಲಿ ಪದ್ಮಶ್ರೀ ಬಂತು. 2025ರ ಫೆಬ್ರುವರಿಯಲ್ಲಿ ತೀರಿಕೊಂಡರು.

ಅಕ್ಷರ ಬಾರದವರು ಏನೂ ತಿಳಿಯದವರಲ್ಲ. ಪರ ಊರಿಗೆ ಹೋದಾಗ ಇದು ನೆನಪಿರಲಿ. ಅಲ್ಲಿಯ ಜನರ ಹತ್ತಿರ ಕಲಿಯುವುದು ಬಹಳ ಇರುತ್ತದೆ.

ನೆನಪಿಡಿ: ಹಣ್ಣು ಕೊಳ್ಳುವಾಗ

1. ಆಯಾ ಕಾಲದ ಹಣ್ಣು, ಆಯಾ ಊರಿನ ಹಣ್ಣು ಕೊಳ್ಳಿ. ರುಚಿಯೂ ಹೆಚ್ಚು, ದರವೂ ಹಗುರ.

2. ಮೊದಲು ಎರಡು ಮೂರು ಕಡೆ ದರ ಕೇಳಿ. ಡಜನ್ ಲೆಕ್ಕವೋ, ಕಿಲೋ ಲೆಕ್ಕವೋ ಅಂತ ಕೇಳಿ ತಿಳಿಯಿರಿ.

3. ತಕ್ಕಡಿಯ ಯಂತ್ರದಲ್ಲಿ ತೂಗುವಾಗ ಅಂಕಿ ಓದಿ. ತಟ್ಟೆ ಖಾಲಿ ಇದ್ದಾಗ ಸೊನ್ನೆ ಇರಬೇಕು. ತಕ್ಕಡಿಗೆ, ತೂಕದ ಕಲ್ಲಿಗೆ ಸರ್ಕಾರದ ಮುದ್ರೆ ಇರಬೇಕು.

4. ಕಾರ್ಬೈಡ್ ಪುಡಿ ಇಟ್ಟು ಹಣ್ಣು ಮಾಡುವುದನ್ನು ಕಾನೂನು ನಿಷೇಧಿಸಿದೆ. ಅದರಲ್ಲಿ ವಿಷದ ಅಂಶ ಇರಬಹುದು. ಹೊರಗೆ ಎಲ್ಲ ಕಡೆ ಒಂದೇ ಹಳದಿ, ಒಳಗೆ ಕಾಯಿ, ಮೂಸಿದರೆ ಘಮವಿಲ್ಲ ಎಂದರೆ ಅನುಮಾನ ಪಡಿ. ಹಂಗಾಮಿಗೆ ಮೊದಲೇ ಬಂದ ಹಣ್ಣಿಗೆ ಅವಸರ ಪಡಬೇಡಿ. ಯಾವ ಹಣ್ಣನ್ನೇ ಆಗಲಿ ತೊಳೆದು ತಿನ್ನಿ.

5. ಚಿಲ್ಲರೆಯನ್ನು ಅಲ್ಲೇ ನಿಂತು ಎಣಿಸಿ. ಕಡಿಮೆ ಇದ್ದರೆ ಕೇಳಿ. ಹೆಚ್ಚು ಇದ್ದರೆ ಕೊಡಿ.

ಲೆಕ್ಕ ಮಾಡಿ

1. ಒಂದು ಡಜನ್ ಅಂದರೆ 12. ಡಜನ್‌ಗೆ 240 ರೂಪಾಯಿ ಆದರೆ ಒಂದು ಹಣ್ಣಿಗೆ ಎಷ್ಟು?

2. ಬಿಳಿ ಇಶಾಡ ಡಜನ್‌ಗೆ 180 ರೂಪಾಯಿ. ಎರಡು ಡಜನ್ ಕೊಂಡು 500 ರೂಪಾಯಿ ಕೊಟ್ಟರೆ ಎಷ್ಟು ವಾಪಸ್ಸು ಬರಬೇಕು?

3. ದೊಡ್ಡವ್ವ 18 ಹಣ್ಣು ಕೊಂಡರು. ಕೊಸರು ಸೇರಿ ಒಟ್ಟು ಎಷ್ಟು ಹಣ್ಣಾಯಿತು?

ಮಾತಾಡೋಣ

1. ದೊಡ್ಡವ್ವನ ಜಾಗದಲ್ಲಿ ನೀವಿದ್ದರೆ ಬಸ್ಸು ಬಿಟ್ಟು ಇಳಿಯುತ್ತಿದ್ದಿರಾ?

2. ಓದು ಬಾರದಿದ್ದಾಗ ನಿಮಗೆ ಮೋಸವಾದದ್ದು ಇದೆಯೇ? ಗುಂಪಿನಲ್ಲಿ ಹೇಳಿ.

3. ನಿಮ್ಮ ಊರಿನ ಹೆಸರುವಾಸಿ ಹಣ್ಣು ಯಾವುದು? ಅದು ಯಾವ ತಿಂಗಳಲ್ಲಿ ಬರುತ್ತದೆ? ಪರ ಊರಿನವರು ಕೊಳ್ಳಲು ಬಂದರೆ ಅವರಿಗೆ ಏನು ಹೇಳಿಕೊಡುತ್ತೀರಿ?

ಬರೆಯಿರಿ

ನಿಮ್ಮ ಊರಿನ ಸಂತೆಯಲ್ಲಿ ಹಣ್ಣು ಅಥವಾ ಕಾಯಿಪಲ್ಲೆ ಮಾರುವ ಒಬ್ಬರಿಗೆ ದರದ ಬೋರ್ಡು ಬರೆದು ಕೊಡಿ. ಅಕ್ಷರ ಸೊಟ್ಟಗಾದರೂ ಅಡ್ಡಿಯಿಲ್ಲ. ಅಂಕಿ ಮಾತ್ರ ತಪ್ಪಬಾರದು.