ಘಾನಾಕ್ಕೆ ಹೊರಟಿರುವ ಮಕ್ಕಳಿಗೆ

ನಮ್ಮ ಸಭೆಯಿಂದ ನೀವು ಕೆಲವರು ಉತ್ತರ ಘಾನಾದ ತಮಾಲೆ ಕಡೆಗೆ ಹೊರಟಿದ್ದೀರಿ. ಬೈಬಲ್ ಅನುವಾದಕ್ಕೂ ತಾಯ್ನುಡಿಯ ಅಕ್ಷರ ಕಲಿಕೆಗೂ ನೆರವಾಗಬೇಕೆಂಬ ಮನಸ್ಸು ಈ ವಯಸ್ಸಿಗೇ ಬಂದದ್ದು ನನಗೆ ತುಂಬ ಸಂತೋಷ. ಪೆಟ್ಟಿಗೆ ಕಟ್ಟುವ ಮೊದಲು ಒಂದು ಮಾತು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಆ ಕೆಲಸದ ಯಜಮಾನರು ಆ ಭಾಷೆ ಆಡುವ ಜನ. ನೀವು ಅವರ ಕೈಕೆಳಗಿನ ಆಳುಗಳು.

ನಮಗೂ ಆ ನಾಡಿಗೂ ಹಳೆಯ ನಂಟುಂಟು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್, 1828ರಲ್ಲೇ ಇಂದಿನ ಘಾನಾದ ಕರಾವಳಿಗೆ ಹೋಗಿತ್ತು. ಕನ್ನಡ ನಿಘಂಟಿನ ಕಿಟೆಲ್ ನಮ್ಮ ದೇಶಕ್ಕೆ ಬಂದ 1853ರಲ್ಲೇ ಅದೇ ಮಿಶನ್ನಿನ ಕ್ರಿಸ್ಟಾಲರ್ ಅಲ್ಲಿಗೆ ಹೋದರು. ಅಲ್ಲಿನ ಟ್ವಿ ಭಾಷೆಯ ಬೈಬಲ್ 1871ರಲ್ಲಿ ಬಂತು, ನಿಘಂಟು 1881ರಲ್ಲಿ. ನಡುವೆ, 1879ರಲ್ಲಿ, 3,600 ಗಾದೆಗಳ ಸಂಗ್ರಹವೂ ಬಂತು. ಪುಸ್ತಕಗಳ ಮೇಲೆ ಕ್ರಿಸ್ಟಾಲರ್ ಹೆಸರಿದೆ. ಆದರೆ ಆ ಬೈಬಲ್ಲಿಗಾಗಿ ಅವರೊಡನೆ ಕೂತು ದುಡಿದವರಲ್ಲಿ ಡೇವಿಡ್ ಅಸಾಂಟೆ, ಥಿಯೋಫಿಲಸ್ ಒಪೊಕು ಅವರಂಥ ಆ ನೆಲದ ಮಕ್ಕಳಿದ್ದರು. ಗಾದೆಗಳಂತೂ ಪೂರಾ ಆ ಜನರವೇ. ಕಿಟೆಲರ ನಿಘಂಟಿಗೆ ದುಡಿದ ಪಂಡಿತರನ್ನು ನೆನೆಯುವವರು ನಮ್ಮಲ್ಲೇ ಎಷ್ಟು ಮಂದಿ ಇದ್ದಾರೆ?

ಇನ್ನೊಬ್ಬರ ಬದುಕನ್ನು ನೀವು ಓದಿಕೊಂಡೇ ಹೋಗಬೇಕು. ಸ್ಯಾಮ್ಯುಯೆಲ್ ಅಜಾಯಿ ಕ್ರೌದರ್, ಇಂದಿನ ನೈಜೀರಿಯದ ಯೊರುಬಾ ಹುಡುಗ. 1821ರಲ್ಲಿ ದಾಳಿಕೋರರು ಹಿಡಿದು ಗುಲಾಮನನ್ನಾಗಿ ಮಾರಿದರು. ಮರುವರ್ಷ ಬ್ರಿಟಿಷ್ ನೌಕಾಪಡೆ ಆ ಹಡಗನ್ನು ತಡೆದು ಅವನನ್ನು ಸಿಯೆರಾ ಲಿಯೋನ್‌ನಲ್ಲಿ ಇಳಿಸಿತು. ಅಲ್ಲಿ ಅಕ್ಷರ ಕಲಿತ ಆ ಹುಡುಗ 1864ರಲ್ಲಿ ಆಂಗ್ಲಿಕನ್ ಸಭೆಯ ಮೊದಲ ಆಫ್ರಿಕನ್ ಬಿಷಪ್ ಆದರು. ಅವರು ಮುಂದೆ ನಿಂತು ನಡೆಸಿದ ಯೊರುಬಾ ಬೈಬಲ್ ಅನುವಾದ 1884ರಲ್ಲಿ ಪೂರ್ಣವಾಯಿತು. ಇಷ್ಟು ಮಾಡಿದ ಹಿರಿಯರಿಗೆ ಕೊನೆಗಾಲದಲ್ಲಿ ಸಿಕ್ಕಿದ್ದೇನು? ಇಂಗ್ಲೆಂಡಿನಿಂದ ಬಂದ ಎಳೆಯ ಮಿಶನರಿಗಳು 1890ರಲ್ಲಿ ಅವರ ಎದುರೇ ಅವರ ಪಾದ್ರಿಗಳ ಮೇಲೆ ತಪ್ಪು ಹೊರಿಸಿ ಕೆಲಸದಿಂದ ತೆಗೆದರು. ಎಂಬತ್ತು ದಾಟಿದ್ದ ಕ್ರೌದರ್ ಮನನೊಂದು ಆ ಮಿಶನ್ನಿನ ಸಮಿತಿಯಿಂದ ಹೊರಬಂದರು. 1891ರ ಕೊನೆಯ ದಿನ ತೀರಿಕೊಂಡರು. ಅವರ ಜಾಗಕ್ಕೆ ಬಂದವರು ಯುರೋಪಿನವರೇ. ಆ ಯುವಕರು ಭಕ್ತಿಯಿಲ್ಲದವರಲ್ಲ. ಉತ್ಸಾಹಕ್ಕೆ ಅವರಲ್ಲಿ ಕೊರತೆಯಿರಲಿಲ್ಲ, ಹಿರಿಯರ ಮುಂದೆ ತಗ್ಗಿ ಕೂರುವ ಗುಣ ಇರಲಿಲ್ಲ. ನಿಮ್ಮ ಉತ್ಸಾಹ ನೋಡಿದಾಗ ನನಗೆ ಮೊದಲು ನೆನಪಾಗುವುದು ಈ ಕಥೆ, ಅದಕ್ಕೇ ಇಷ್ಟು ಉದ್ದ ಹೇಳಿದೆ.

ಈಗ ಅಲ್ಲಿನ ಕೆಲಸದ ಬಗ್ಗೆ. ತಾಯ್ನುಡಿಯವರು ಒಂದು ಅಧ್ಯಾಯದ ಕರಡು ಬರೆಯುತ್ತಾರೆ. ಅದನ್ನು ಹಳ್ಳಿಯಲ್ಲಿ ಓದಿ, ಕೇಳಿದವರ ಬಾಯಲ್ಲಿ ಮತ್ತೆ ಹೇಳಿಸುತ್ತಾರೆ. ಮೂಲ ನೋಡದ ಇನ್ನೊಬ್ಬರು ಅದನ್ನು ಇಂಗ್ಲಿಷಿಗೆ ತಿರುಗಿಸುತ್ತಾರೆ, ಪರಿಣತರು ಪರೀಕ್ಷಿಸುತ್ತಾರೆ, ಮತ್ತೆ ತಿದ್ದುಪಡಿ. ಹೊಸ ಒಡಂಬಡಿಕೆಯೊಂದಕ್ಕೇ ಹತ್ತು ವರ್ಷ ಅಥವಾ ಅದಕ್ಕೂ ಹೆಚ್ಚು ಹಿಡಿಯುವುದು ಸಾಮಾನ್ಯ. ಇಷ್ಟು ದೀರ್ಘ ದುಡಿಮೆಯ ನಡುವೆ ನಿಮ್ಮ ಕೆಲವು ವಾರಗಳು ಬರುತ್ತವೆ. ಹಾಗಾಗಿ ಪುಟ ಜೋಡಿಸಿ, ವಚನಗಳ ಸಂಖ್ಯೆ ತಾಳೆ ನೋಡಿ, ಕೆಟ್ಟ ಕಂಪ್ಯೂಟರ್ ಸರಿಮಾಡಿ, ಪುಸ್ತಕದ ಕಟ್ಟು ಹೊತ್ತು ಕೊಡಿ. ಯಾರೂ ಫೋಟೊ ತೆಗೆಯದ ಈ ಕೆಲಸಗಳೇ ಅವರಿಗೆ ಬೇಕಾದವು.

ಹಳ್ಳಿಗೆ ಹೋದರೆ ಮೊದಲು ಅಲ್ಲಿನ ಮುಖ್ಯಸ್ಥರನ್ನು ಕಂಡು ನಮಸ್ಕರಿಸಿ. ಕೊಡುವುದು, ತೆಗೆದುಕೊಳ್ಳುವುದು ಬಲಗೈಯಲ್ಲೇ. ಇದನ್ನು ನಿಮಗೆ ಹೇಳಬೇಕಾಗಿಲ್ಲ, ನಮ್ಮ ಮನೆಗಳಲ್ಲೂ ಅದೇ ರೂಢಿ. ಅಲ್ಲಿ ಮುಸ್ಲಿಮರು ಬಹಳ ಇದ್ದಾರೆ, ಪೂರ್ವಿಕರ ನಂಬಿಕೆ ಪಾಲಿಸುವವರೂ ಇದ್ದಾರೆ. ಅಕ್ಷರದ ತರಗತಿ ಅವರೆಲ್ಲರದು. ಓದು ಕಲಿಯಲು ಬಂದ ತಾಯಿಯ ಧರ್ಮ ಕೇಳಬೇಡಿ.

ಇಂಗ್ಲಿಷ್ ಬಿಟ್ಟು ಹಳ್ಳಿಯ ಭಾಷೆ ಕಲಿತು ಮಕ್ಕಳಿಗೇನು ಲಾಭ ಎಂದು ನಮ್ಮಲ್ಲಿ ಕೇಳುವಂತೆ ಅಲ್ಲಿಯೂ ಕೇಳುವವರಿದ್ದಾರೆ. ಅವರಿಗೆ ಇದನ್ನು ಹೇಳಿ. ನೈಜೀರಿಯದ ಇಫೆಯಲ್ಲಿ 1970ರಲ್ಲಿ ಶಿಕ್ಷಣತಜ್ಞ ಬಾಬ್ಸ್ ಫಫುನ್ವಾ ಅವರ ನೇತೃತ್ವದಲ್ಲಿ ಒಂದು ಪ್ರಯೋಗ ಶುರುವಾಯಿತು. ಆರು ವರ್ಷ ಯೊರುಬಾದಲ್ಲೇ ಎಲ್ಲ ವಿಷಯ ಕಲಿತು, ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿತ ಮಕ್ಕಳು ಇಂಗ್ಲಿಷಿನಲ್ಲೂ ಹಿಂದೆ ಬೀಳಲಿಲ್ಲ, ಬೇರೆ ವಿಷಯಗಳಲ್ಲಿ ಮುಂದೆ ಬಂದರು.

ಕೊನೆಗೆ ಹಣದ ಮಾತು. ಮೊದಲ ಪಾಠಪುಸ್ತಕ ಮುಗಿಸಿದವರಿಗೆ ಆಮೇಲೆ ಓದಲು ಏನೂ ಸಿಗದಿದ್ದರೆ ಕಲಿತ ಅಕ್ಷರ ಮರೆತುಹೋಗುತ್ತದೆ. ಕಥೆ, ಬೇಸಾಯ, ಬಾಣಂತಿಯ ಆರೈಕೆ, ಮಲೇರಿಯಾದ ಬಗ್ಗೆ ಸಣ್ಣ ಪುಸ್ತಕಗಳನ್ನು ಅಲ್ಲಿಯವರೇ ಬರೆಯಬಲ್ಲರು. ಅಚ್ಚಿಗೆ ಹಣ ಬೇಕು. ಮರಳಿ ಬಂದಮೇಲೆ ಸಭೆಯಲ್ಲಿ ಚಿತ್ರ ತೋರಿಸಿ ಸುಮ್ಮನಾಗಬೇಡಿ. ನಿಮ್ಮ ಸಂಬಳದಲ್ಲಿ ಒಂದು ಪಾಲು ತೆಗೆದಿಟ್ಟು, ಯಾವ ಪುಸ್ತಕ ಮೊದಲು ಬೇಕೆಂದು ಅವರನ್ನೇ ಕೇಳಿ, ಪ್ರತಿ ವರ್ಷ ಕಳುಹಿಸಿ.