ಮಕ್ಕಳ ಆಟವೂ ಹಣದ ಲೆಕ್ಕವೂ

ಕಳೆದ ಫೆಬ್ರವರಿ ತಿಂಗಳಲ್ಲಿ ಒಂದು ದಿನ, ಬೆಳಗಿನ ಪ್ರಾರ್ಥನೆ ಮುಗಿದು ಹುಡುಗಿಯರು ತರಗತಿಗಳಿಗೆ ಹೋಗುತ್ತಿರುವಾಗ, ನಂತೂರು ವೃತ್ತದ ವಾಹನಗಳ ನಡುವೆ ಹೇಗೋ ದಾಟಿಕೊಂಡು ಒಬ್ಬ ತಾಯಿ ನಮ್ಮ ಕೊಠಡಿಗೆ ಬಂದರು. ಅವರ ಕೈಯಲ್ಲಿ ಬ್ಯಾಂಕಿನ ಪಾಸ್‌ಬುಕ್ಕು ಇತ್ತು. ಮಳೆಗಾಲಕ್ಕೆ ಮುಂಚೆ ಮಾಡಿನ ಒಡೆದ ಹಂಚುಗಳನ್ನು ಬದಲಿಸುವದಕ್ಕಾಗಿ ಬೀಡಿ ಕಟ್ಟಿ ಕೂಡಿಟ್ಟಿದ್ದ ಹಣದಲ್ಲಿ 2,340 ರೂಪಾಯಿ ಕಡಿಮೆಯಾಗಿತ್ತು. ನಮ್ಮ ಒಂಬತ್ತನೆಯ ತರಗತಿಯಲ್ಲಿ ಓದುವ ಅವರ ಮಗಳು ಆರು ವಾರಗಳೊಳಗೆ ಅದನ್ನು ಒಂದು ವಿಡಿಯೋ ಆಟದ ಹರಳುಗಳಿಗೆ ಖರ್ಚುಮಾಡಿದ್ದಳು. ಗುಪ್ತಸಂಖ್ಯೆಯನ್ನು ಕದಿಯುವ ಅಗತ್ಯವೇ ಅವಳಿಗೆ ಇರಲಿಲ್ಲ. ತಾಯಿಯ ಮೊಬೈಲಿನಲ್ಲಿ ಯುಪಿಐ ಮಾಡಿಕೊಟ್ಟವಳೇ ಅವಳು. “ಟೀಚರೇ, ಅವಳಿಗೆ ಬೈಯಬೇಡಿ. ಎಷ್ಟು ಹೋಯಿತೆಂದು ಅವಳಿಗೇ ಗೊತ್ತಿಲ್ಲ” ಎಂದು ಆ ತಾಯಿ ಹೇಳಿದರು.

ನಾವಾದರೋ ಮರುದಿನವೇ ಪ್ರಾರ್ಥನಾ ಸಭೆಯಲ್ಲಿ ವಿಡಿಯೋ ಆಟಗಳನ್ನು ಖಂಡಿಸಿ ಹತ್ತು ನಿಮಿಷ ಮಾತಾಡಿದೆವು. ಅದು ಅವಸರದ ಮಾತಾಗಿತ್ತೆಂದು ಈಗ ಒಪ್ಪಿಕೊಳ್ಳಬೇಕು. ಯಾಕಂದರೆ ಸಾಯಂಕಾಲ ಆ ಹುಡುಗಿಯನ್ನು ಕರೆದು ಕೂಡ್ರಿಸಿ, ಆಟವನ್ನು ಹೇಗೆ ಆಡುವದೆಂದು ಕೇಳಿದಾಗ, ಬಂಡವಾಳ, ಲಾಭ, ಸಂಗ್ರಹ ಎಂಬವುಗಳನ್ನು ಅವಳು ನಮ್ಮ ಪಠ್ಯಪುಸ್ತಕಕ್ಕಿಂತ ಚೆನ್ನಾಗಿ ವಿವರಿಸಿದಳು; ಆ ಶಬ್ದಗಳು ಮಾತ್ರ ಅವಳಿಗೆ ತಿಳಿದಿರಲಿಲ್ಲ.

ಹೊಲಗದ್ದೆಯ ಆಟಗಳಲ್ಲಿ ಇಂಥ ಶಿಕ್ಷಣವು ಉಂಟೆಂಬದರಲ್ಲಿ ಸಂಶಯವಿಲ್ಲ. 2012ರಲ್ಲಿ ಹೊರಟ ‘ಹೇ ಡೇ’ ಎಂಬ ಆಟವನ್ನು ದೃಷ್ಟಾಂತವಾಗಿ ತೆಗೆದುಕೊಳ್ಳೋಣ. (ನಮ್ಮ ಹುಡುಗಿ ಆಡಿದ್ದು ಬೇರೊಂದನ್ನು, ಅದರ ಹೆಸರು ಇಲ್ಲಿ ಬೇಡ.) ಅದರಲ್ಲಿ ಒಂದು ಗೋಧಿಯನ್ನು ಬಿತ್ತಿದರೆ ಎರಡು ದೊರೆಯುತ್ತವೆ, ಬೆಳೆಯುವದಕ್ಕೆ ಎರಡು ನಿಮಿಷ ಹಿಡಿಯುತ್ತದೆ. ಕೊಯ್ದದ್ದನ್ನೆಲ್ಲಾ ಮಾರಿದರೆ ನಾಣ್ಯಗಳು ಬರುವವು, ಆದರೆ ಬಿತ್ತುವದಕ್ಕೆ ಬೀಜ ಉಳಿಯದು. ಮೂರು ಗೋಧಿಗಳನ್ನು ಒಲೆಗೆ ಕೊಟ್ಟು ಒಂದು ರೊಟ್ಟಿ ಮಾಡಿ ಮಾರಿದರೆ, ಆ ಮೂರು ಗೋಧಿಗಳ ಬೆಲೆಗಿಂತ ಹೆಚ್ಚು ಸಿಕ್ಕುತ್ತದೆ. ದಾರಿಬದಿಯ ಅಂಗಡಿಯಲ್ಲಿ ಬೆಲೆಯನ್ನು ಆಡುವವರೇ ಇಡಬೇಕು. ಬೀಜದ ಕಾಳನ್ನು ತಿನ್ನಬಾರದೆಂಬದನ್ನು ನಮ್ಮ ಗದ್ದೆಯವರು ಮಕ್ಕಳಿಗೆ ಮಾತಿನಿಂದ ಕಲಿಸಿದರು. ಇಲ್ಲಿ ಮಗುವು ತಾನೇ ತಪ್ಪುಮಾಡಿ ಕಲಿಯುತ್ತದೆ. ಅಧ್ಯಾಪಕಿಯರಾದ ನಾವು ಇದನ್ನು ಹಗುರವಾಗಿ ಎಣಿಸಬಾರದು.

ತುಳುನಾಡಿನ ಚೆನ್ನೆಮಣೆಯೂ ಇದೇ ಜಾತಿಯ ಗುರು. ಎರಡು ಸಾಲುಗಳಲ್ಲಿ 14 ಗುಳಿಗಳು, ಗುಳಿಗೆ ನಾಲ್ಕರಂತೆ 56 ಮಂಜೊಟ್ಟಿ ಕಾಳುಗಳು. ಆಟಿ ತಿಂಗಳ ಮಳೆಯಲ್ಲಿ ಚಾವಡಿಯಲ್ಲಿ ಕೂತು ಆಡಿದವರಿಗೆ ಗೊತ್ತು: ಸೋತವಳ ಹತ್ತಿರ ಮುಂದಿನ ಸುತ್ತಿಗೆ ಸಾಕಷ್ಟು ಕಾಳುಗಳಿಲ್ಲದಿದ್ದರೆ, ಅವಳ ಗುಳಿಗಳು ಬರಿದಾಗಿಯೇ ಉಳಿಯುತ್ತವೆ. ಆ ಬರಿಗುಳಿಯನ್ನು ಎಲ್ಲರೂ ನೋಡುತ್ತಾರೆ. ಅಕ್ಕತಂಗಿಯರು ಎದುರುಬದುರು ಕೂತು ಚೆನ್ನೆ ಆಡಬಾರದೆಂದು ಹಿರಿಯರು ಹೇಳುವದುಂಟು. ಸಿರಿ ಪಾಡ್ದನದ ಅಬ್ಬಗ, ದಾರಗ ಎಂಬ ಅವಳಿಗಳು ಇದೇ ಆಟದ ಜಗಳದಲ್ಲಿ ಪ್ರಾಣ ಕಳಕೊಂಡ ಕಥೆ ಅದರ ಹಿಂದೆ ಇದೆ. ಸೋಲು ಎಷ್ಟು ಕಹಿಯೆಂಬದನ್ನು ನಮ್ಮ ಪೂರ್ವಿಕರು ಅರಿಯದವರಲ್ಲ. ಆದರೂ ಬರಿಗುಳಿಗೆ ಕಾಳನ್ನು ಕ್ರಯಕ್ಕೆ ಕೊಡುವ ಅಂಗಡಿಯನ್ನು ಅವರು ಮಣೆಯ ಪಕ್ಕದಲ್ಲಿ ಇಡಲಿಲ್ಲ.

ಇಂದಿನ ಅನೇಕ ಆಟಗಳಲ್ಲಿ ಇರುವದು ಆ ಅಂಗಡಿಯೇ. ಆಟವು ಮೊದಲು ಮಗುವಿಗೆ ಕಾಯುವದನ್ನು ಕಲಿಸುತ್ತದೆ. ಬೆಳೆಗೆ ಎರಡು ನಿಮಿಷವಿದ್ದದ್ದು ಮುಂದೆ ಗಂಟೆಗಳಾಗುತ್ತವೆ. ಕಾಯುವದು ದುಸ್ತರವಾದಾಗ, ಹರಳು ಕೊಟ್ಟರೆ ಈಗಲೇ ಆಗುತ್ತದೆಂದು ಹೇಳುತ್ತದೆ. ತಾನು ಕಲಿಸಿದ ಪಾಠವನ್ನು ತಾನೇ ಹಣಕ್ಕೆ ಅಳಿಸುತ್ತದೆ. ಅದೂ ರೂಪಾಯಿಯ ಹೆಸರನ್ನೆತ್ತದೆ.

ಈ ಲೆಕ್ಕವನ್ನು ತಾಯ್ತಂದೆಗಳು ಮಕ್ಕಳೊಂದಿಗೆ ಕೂತು ಮಾಡಬೇಕೆಂದು ನಮ್ಮ ವಿನಂತಿ. 60 ಹರಳುಗಳ ಕಟ್ಟಿಗೆ 89 ರೂಪಾಯಿ ಎಂದಿಟ್ಟುಕೊಳ್ಳೋಣ. ಬೇಕಾದ ವಸ್ತುವಿಗೆ 75 ಹರಳು. ಮಗುವು ಭಾಗಿಸಿ, ಗುಣಿಸಿ, 111 ರೂಪಾಯಿ 25 ಪೈಸೆ ಎನ್ನುವದು. ಗಣಿತದಲ್ಲಿ ಅದಕ್ಕೆ ಪೂರ್ಣ ಅಂಕ. ಆದರೆ ಹರಳುಗಳು ಬಿಡಿಯಾಗಿ ಸಿಕ್ಕುವದಿಲ್ಲ. ಎರಡು ಕಟ್ಟು ಕೊಳ್ಳಲೇಬೇಕು. ಕೈಬಿಟ್ಟದ್ದು 178 ರೂಪಾಯಿ. ಉಳಿದ 45 ಹರಳುಗಳಿಗೆ ಏನೂ ಬರುವದಿಲ್ಲವಾದ್ದರಿಂದ, ಅವು ಮೂರನೆಯ ಕಟ್ಟಿಗೆ ಕೈಹಿಡಿದು ಕರೆಯುತ್ತವೆ. ಗೋಪುರ ಕಟ್ಟುವದಕ್ಕೆ ಮುಂಚೆ ಕೂತು ಖರ್ಚನ್ನು ಎಣಿಸಬೇಕೆಂಬ ಲೂಕನ ಸುವಾರ್ತೆಯ ಪಾಠವನ್ನು ಪ್ರತಿ ವರುಷ ಕಲಿಸುವ ನಮಗೆ, ಅದನ್ನು ಹರಳಿನ ಅಂಗಡಿಗೆ ಅನ್ವಯಿಸಬೇಕೆಂದು ತೋಚಿರಲಿಲ್ಲ.

ಕಾನೂನು ನೋಡಿಕೊಳ್ಳುವದೆಂದು ನಂಬಿ ಕೂತುಕೊಳ್ಳಲಾಗದು. 2025ರ ಆಗಸ್ಟಿನಲ್ಲಿ ಪಾರ್ಲಿಮೆಂಟು ಅಂಗೀಕರಿಸಿದ ಆನ್‌ಲೈನ್ ಆಟಗಳ ಕಾಯಿದೆಯು, ಹಣ ಗೆಲ್ಲುವ ಆಶೆಯಿಂದ ಹಣ ಹೂಡುವ ಆಟಗಳನ್ನು ನಿಷೇಧಿಸುತ್ತದೆ. ಹರಳು ಕೊಳ್ಳುವವಳು ಹಣ ಗೆಲ್ಲಲು ಹೊರಟವಳಲ್ಲವಷ್ಟೆ. ಆದಕಾರಣ ಮೊಬೈಲಿನ ಪ್ಲೇ ಸ್ಟೋರಿನಲ್ಲಿ ಪ್ರತಿಯೊಂದು ಖರೀದಿಗೂ ಗುಪ್ತಪದ ಕೇಳುವಂತೆ ಮಾಡಿಡಬೇಕು. ಯುಪಿಐಯ ಗುಪ್ತಸಂಖ್ಯೆಯನ್ನು ತಾಯಿಯೇ ಒತ್ತುವದನ್ನು ಕಲಿಯಬೇಕು. ಈ ಎರಡನೆಯದಕ್ಕಾಗಿ ನಾವು ಒಂದು ಶನಿವಾರ ತಾಯಂದಿರನ್ನು ಶಾಲೆಗೆ ಕರೆದೆವು. ಕಲಿಸಿದವರು ಹತ್ತನೆಯ ತರಗತಿಯ ಹುಡುಗಿಯರು. ಗುಪ್ತಸಂಖ್ಯೆ ಒತ್ತುವಾಗ ಮಾತ್ರ ಅವರು ಗೋಡೆಯ ಕಡೆಗೆ ತಿರುಗಿ ನಿಂತರು.

ಬ್ಯಾಂಕುಗಳು ಹುಟ್ಟಿದ ಜಿಲ್ಲೆ ನಮ್ಮದು. 1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಮಂಗಳೂರಿನಲ್ಲಿ ಕೆನರಾ ಬ್ಯಾಂಕಿಗೆ ಬುನಾದಿ ಹಾಕಿದರು. 1928ರಲ್ಲಿ ಆರಂಭವಾದ ಸಿಂಡಿಕೇಟ್ ಬ್ಯಾಂಕಿನ ಪಿಗ್ಮಿ ಠೇವಣಿಯಲ್ಲಿ ದಿನಕ್ಕೆ ಎರಡಾಣೆ ಕೊಟ್ಟರೂ ಮನೆಬಾಗಿಲಿಗೆ ಬಂದು ಬರಕೊಳ್ಳುತ್ತಿದ್ದರು. ಆ ಎರಡಾಣೆಯನ್ನು ಕೊಡುವವಳು ದಿನಾಲೂ ತನ್ನ ಕೈಯಿಂದ ಎಣಿಸಿ ಕೊಡುತ್ತಿದ್ದಳು. ಇದನ್ನು ನೆನಸಿಕೊಂಡು ನಾವು ಆ ಹುಡುಗಿಗೆ ಒಂದು ಸಣ್ಣ ಪುಸ್ತಕವನ್ನು ಕೊಟ್ಟೆವು. ಮೊದಲನೆಯ ಪುಟದಲ್ಲಿ ಅವಳು 2,340 ಎಂದು ಬರೆದಳು. ಒಂದು ಹಂಚಿನ ಬೆಲೆಯನ್ನು ತಾಯಿಯಿಂದ ಕೇಳಿಕೊಂಡು ಬಂದು ಭಾಗಿಸಿ, ಹಂಚುಗಳ ಲೆಕ್ಕವನ್ನು ಅದರ ಕೆಳಗೆ ಬರೆದಳು. ಬರೆದು ಬಹಳ ಹೊತ್ತು ಸುಮ್ಮನೆ ಕೂತಳು. ಈಗ ಶನಿವಾರಗಳಲ್ಲಿ ನೆರೆಮನೆಯ ಇಬ್ಬರು ಚಿಕ್ಕ ಮಕ್ಕಳಿಗೆ ಪಾಠ ಹೇಳಿಕೊಟ್ಟು ವಾರಕ್ಕೆ 50 ರೂಪಾಯಿ ತಾಯಿಯ ಕೈಗೆ ಹಾಕುತ್ತಾಳೆ. ಆಟವನ್ನು ಬಿಟ್ಟಿಲ್ಲ, ಗೋಧಿಯನ್ನು ಕಾದೇ ಕೊಯ್ಯುತ್ತೇನೆಂದು ನಮಗೆ ಹೇಳಿದಳು.

ಅಡಿಗೆಮನೆಯ ಮಾಡಿನ ಮೇಲೆ ಈ ಮಳೆಗಾಲದಲ್ಲಿ ಟಾರ್ಪಾಲನ್ನೇ ಹೊದಿಸಿದ್ದಾರೆ.